ಗೋಡೆಗೆ ಬಂದ ಚಿತ್ರ, ಕಿವಿಗೆ ಬಾರದ ಹಾಡು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ವಾರ್ಲಿ ಚಿತ್ರ ಈಗ ಅಪರಿಚಿತವಲ್ಲ. ಕೆಮ್ಮಣ್ಣಿನ ಬಣ್ಣದ ಹಿನ್ನೆಲೆ, ಅದರ ಮೇಲೆ ಎರಡು ತ್ರಿಕೋನಗಳನ್ನು ತುದಿಗೆ ತುದಿ ಜೋಡಿಸಿದಂತಿರುವ ಬಿಳಿಯ ಮನುಷ್ಯರು, ಸುರುಳಿಯಾಗಿ ಸಾಗುವ ಕುಣಿತ, ಅದರ ನಡುವೆ ಉದ್ದನೆಯ ವಾದ್ಯವನ್ನು ಊದುತ್ತಿರುವ ಒಬ್ಬ. ಈ ಚಿತ್ರ ನಮ್ಮ ದಿವಾನಖಾನೆಯ ಗೋಡೆಯಲ್ಲಿದೆ, ಕಿಟಕಿಯ ಪರದೆಯಲ್ಲಿದೆ, ಚಹಾದ ಕಪ್ಪಿನಲ್ಲಿದೆ, ಸೀರೆಯ ಸೆರಗಿನಲ್ಲಿದೆ. ಮಗಳ ಮದುವೆಯ ಕರೆಯೋಲೆಯ ಅಂಚಿನಲ್ಲಿಯೂ ಇದೆ. ಆದರೆ ಆ ಚಿತ್ರದ ಚೌಕದೊಳಗೆ ಕುಳಿತ ದೇವತೆ ಯಾರು, ಆಕೆಯನ್ನು ಯಾರು ಬರೆಯುತ್ತಾರೆ, ಬರೆಯುವಾಗ ಯಾವ ಹಾಡು ಹಾಡುತ್ತಾರೆ ಎಂದು ಕೇಳಿದರೆ ಉತ್ತರ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ?

ಈ ಪ್ರಶ್ನೆಯನ್ನು ಕೆಣಕುವುದಕ್ಕಾಗಿಯೇ ಕೇಳುತ್ತಿದ್ದೇನೆ. ನಮ್ಮ ನೆರೆಯ ಜನಸಮುದಾಯವೊಂದರ ಬಾಳಿನಲ್ಲಿ ಕಣ್ಣಿಗೆ ಕಾಣುವ ಭಾಗವನ್ನು ಕೊಂಡು ತಂದು, ಕಿವಿಗೊಟ್ಟು ಕೇಳಬೇಕಾದ ಭಾಗವನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇವೆ. ಇದೇ ಅನ್ಯಾಯವನ್ನು ನಮ್ಮ ಸ್ವಂತ ಪದ, ಪಾಡ್ದನ, ಕಥನಗಳಿಗೂ ಮಾಡಿಕೊಂಡು, ಅದಕ್ಕೆ ‘ಜಾನಪದ ಸೇವೆ’ ಎಂಬ ಹೆಸರಿಟ್ಟಿದ್ದೇವೆ. ಬಾಯಿಂದ ಬಾಯಿಗೆ ಸಾಗಿಬಂದ ಕತೆಯು ಅಲಂಕಾರದ ವಸ್ತುವಲ್ಲ. ಅದನ್ನು ಹೇಳುವ ಅಧಿಕಾರ ಪಡೆದ ಒಬ್ಬ ವ್ಯಕ್ತಿ, ಹೇಳಬೇಕಾದ ಒಂದು ಕಾಲ, ಕೇಳಲು ಕುಳಿತ ಕೆಲವು ಜನ, ಈ ಮೂರೂ ಕೂಡಿದಾಗ ಮಾತ್ರ ಅದು ಜೀವಂತ. ಹೇಳುವವರನ್ನು ಬಿಟ್ಟು ಹೇಳಿದ್ದನ್ನು ಮಾತ್ರ ಕೊಂಡೊಯ್ಯುವ ನಮ್ಮ ಸಂಘಗಳ ರೂಢಿಯನ್ನು ವಿರೋಧಿಸುವುದು ಈ ಲೇಖನದ ಉದ್ದೇಶ.

ಮೊದಲು ವಾರ್ಲಿಗಳ ವಿಷಯ. ಡಹಾಣು, ತಲಾಸರಿ, ಜವ್ಹಾರ, ಮೊಖಾಡ, ವಿಕ್ರಮಗಡದ ಗುಡ್ಡಗಾಡು ಇವರ ಮುಖ್ಯ ನೆಲೆ. 2014ರ ಆಗಸ್ಟ್ 1ರಂದು ಪಾಲಘರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇವೆಲ್ಲ ಠಾಣೆ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಈಗಲೂ ಶಹಾಪುರ, ಮುರಬಾಡ, ಭಿವಂಡಿಯ ಕಡೆ ವಾರ್ಲಿಗಳಿದ್ದಾರೆ. ಠಾಣೆ ನಗರಕ್ಕೆ ತಾಗಿದ ಯೇವೂರು ಗುಡ್ಡದ ಪಾಡಾಗಳಲ್ಲಿ, ಮುಂಬಯಿಯ ಆರೆ ಕಾಲನಿಯಲ್ಲಿ ಕೂಡ ಇದ್ದಾರೆ. ಇವರ ಮದುವೆಯಲ್ಲಿ ಗುಡಿಸಲಿನ ಒಳಗೋಡೆಯನ್ನು ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟನ್ನು ನೀರಿನಲ್ಲಿ ಕಲಸಿ, ಬಿದಿರಿನ ಕಡ್ಡಿಯಿಂದ ಚೌಕವನ್ನು ಬರೆಯುತ್ತಾರೆ. ಬರೆಯುವವರು ಮುತ್ತೈದೆಯರು. ಚೌಕದೊಳಗೆ ಪಾಲಘಾಟ್ ದೇವಿ ಕುಳಿತುಕೊಳ್ಳುತ್ತಾಳೆ. ಅವಳು ಸಸ್ಯಸಮೃದ್ಧಿಯ ತಾಯಿ, ಮದುವೆಯ ಅಧಿದೇವತೆ. ಆಕೆಯನ್ನೂ ಉಳಿದ ದೈವಗಳನ್ನೂ ಹೆಸರು ಹಿಡಿದು ಹಾಡಿ ಕರೆಯುವವಳು ಧವಳೇರಿ. ಮದುವೆಯ ವಿಧಿಯನ್ನು ನಡೆಸಿಕೊಡುವವಳೂ ಆಕೆಯೇ. ಅಂದರೆ ವಾರ್ಲಿಗಳ ವಿವಾಹದಲ್ಲಿ ಪುರೋಹಿತರ ಸ್ಥಾನದಲ್ಲಿ ಇರುವವಳು ಓದು ಬರಹ ಬಾರದ ಒಬ್ಬ ಹೆಂಗಸು. ಅವಳ ಶಾಸ್ತ್ರಗ್ರಂಥ ಅವಳ ನೆನಪು.

1970ರ ದಶಕದಲ್ಲಿ ಕೇಂದ್ರ ಸರಕಾರದ ನೇಕಾರರ ಸೇವಾ ಕೇಂದ್ರದಲ್ಲಿದ್ದ ಭಾಸ್ಕರ ಕುಲಕರ್ಣಿಯವರು ಈ ಚಿತ್ರಗಳನ್ನು ಹೊರಜಗತ್ತಿಗೆ ಪರಿಚಯಿಸಿದರು; ಬರೆಯುವವರಿಗೆ ಕಾಗದ ಬಣ್ಣಗಳನ್ನು ಕೊಟ್ಟರು. ಜಿವ್ಯಾ ಸೋಮಾ ಮಾಶೆ ಎಂಬ ಅಸಾಧಾರಣ ಪ್ರತಿಭೆಯ ಕಲಾವಿದರು ಬೆಳಕಿಗೆ ಬಂದರು. ಅವರಿಗೆ 1976ರಲ್ಲಿ ರಾಷ್ಟ್ರಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಸಂದವು, 2018ರಲ್ಲಿ ತೀರಿಕೊಂಡರು. ಅವರ ಸಾಧನೆಯ ಬಗ್ಗೆ ನನಗೆ ಗೌರವವಿದೆ. ಬಡತನದಲ್ಲಿದ್ದ ಮನೆಗಳಿಗೆ ಈ ಕಲೆ ಅನ್ನ ಕೊಟ್ಟಿತು, ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಇದರೊಡನೆ ನಡೆದ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹೆಂಗಸರ ಕೈಯಲ್ಲಿದ್ದ ವಿಧಿ ಬಹುಮಟ್ಟಿಗೆ ಗಂಡಸರ ಕೈಯ ಕಸುಬಾಯಿತು. ಮದುವೆಯ ಗೋಡೆಯಿಂದ ಇಳಿದ ಚಿತ್ರ ಪ್ಯಾರಿಸಿನವರೆಗೆ ಪ್ರಯಾಣ ಮಾಡಿತು, ಅದರ ಜೊತೆಗಿದ್ದ ಹಾಡು ಮಾತ್ರ ಪಾಡಾದಲ್ಲೇ ಉಳಿಯಿತು. ಕೊಳ್ಳುವವನಿಗೆ ಹಾಡು ಬೇಕಿರಲಿಲ್ಲ. ಅದನ್ನು ಚೌಕಟ್ಟು ಹಾಕಿಸಿ ತೂಗುಹಾಕಲು ಬರುವುದಿಲ್ಲವಷ್ಟೆ.

ಆ ಹಾಡಿನಲ್ಲಿ ಏನಿದೆ ಎಂಬುದನ್ನು ತಿಳಿಯದೆ ಅದನ್ನು ತೂಗುವಂತಿಲ್ಲ. ವಾರ್ಲಿಗಳಿಗೆ ಕಣಸರಿ ಎಂಬ ಧಾನ್ಯದೇವತೆ ಇದ್ದಾಳೆ. ಹೊಸ ಬೆಳೆಯನ್ನು ದೈವಕ್ಕೆ ಅರ್ಪಿಸದೆ ಅವರು ಉಣ್ಣುವುದಿಲ್ಲ. ಮಳೆಗೆ ನಾರಣದೇವನಿದ್ದಾನೆ, ಮನೆಗೆ ಹಿರ್ವಾ ಇದ್ದಾನೆ, ಕಾಡಿಗೆ ವಾಘೋಬಾ ಇದ್ದಾನೆ. ವಾಘೋಬಾನ ಹುಟ್ಟಿನ ಬಗ್ಗೆ ಅವರಲ್ಲಿ ಹೇಳಿಕೊಂಡು ಬಂದ ಒಂದು ಕತೆ ಹೀಗಿದೆ. ಮದುವೆಯಾಗದ ಹೆಣ್ಣೊಬ್ಬಳಿಗೆ ಹುಟ್ಟಿದ ಮಗು ಹುಲಿಯಾಗಿ ಮಾರ್ಪಟ್ಟಿತು. ಅದು ಊರಿನ ದನಗಳನ್ನು ತಿನ್ನತೊಡಗಿದಾಗ ಜನ ಕೊಲ್ಲಲು ಎದ್ದರು. ತಾಯಿ ಅಡ್ಡ ಬಂದಳು. ಕೊನೆಗೊಂದು ಒಪ್ಪಂದವಾಯಿತು: ಊರವರು ಅವನಿಗೊಂದು ನೆಲೆ ಕಟ್ಟಿ ವರ್ಷಕ್ಕೊಮ್ಮೆ ಹಬ್ಬ ಮಾಡಬೇಕು, ಅವನು ಊರಿಗೆ ಕೇಡು ಮಾಡದೆ ಕಾಡಿನಲ್ಲಿರಬೇಕು. ದೀಪಾವಳಿಗೆ ಮೊದಲು ಬರುವ ವಾಘಬಾರಸದಂದು ಇಂದಿಗೂ ಆ ಮಾತಿಗೆ ನಡೆದುಕೊಳ್ಳುತ್ತಾರೆ. ಹುಲಿ ಕಾಣದಾದ ಈ ಗುಡ್ಡಗಳಲ್ಲಿ ಚಿರತೆಯನ್ನೂ ಅದೇ ದೈವದ ರೂಪವೆಂದು ಕಾಣುತ್ತಾರೆ. ಚಿರತೆ ಕಂಡೊಡನೆ ವಸತಿ ಸಂಕೀರ್ಣದ ನಾವು ಅರಣ್ಯ ಇಲಾಖೆಗೆ ದೂರವಾಣಿ ಮಾಡಿ ಬೋನು ಕೇಳುತ್ತೇವೆ. ಅದೇ ಚಿರತೆಯ ಪಕ್ಕದಲ್ಲಿ ತಲೆಮಾರುಗಳಿಂದ ಬದುಕಿದವರು ಅದರೊಡನೆ ಒಂದು ಕರಾರು ಮಾಡಿಕೊಂಡಿದ್ದಾರೆ, ಆ ಕರಾರುಪತ್ರವೇ ಈ ಕತೆ. ಹುಲಿಯನ್ನು ಏರಿ ಎಪ್ಪತ್ತೇಳು ಮಲೆ ಆಳಿದ ಮಾದೇಶ್ವರನನ್ನು ಕೊಂಡಾಡುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ವಿಚಿತ್ರವೆನಿಸಬಾರದು ಎನ್ನುವುದಕ್ಕೆ ಇನ್ನೂ ಹಳೆಯ ಕಾರಣವಿದೆ. ಧವಳೇರಿ ಎಂಬ ಹೆಸರಿನಲ್ಲಿರುವ ‘ಧವಳ’ವನ್ನು ಗಮನಿಸಿ. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ನಮ್ಮ ಬಸವಕಲ್ಯಾಣದಿಂದ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರ ಗೀತದ ಭಾಗದಲ್ಲಿ ಯಾವ ಸಂದರ್ಭಕ್ಕೆ ಯಾವ ಹಾಡು ಎಂಬುದನ್ನು ಹೇಳುತ್ತ, ಕತೆಗೆ ಷಟ್ಪದಿ, ಮದುವೆಗೆ ಧವಳ, ಉತ್ಸವಕ್ಕೆ ಮಂಗಳ ಎಂದು ವಿಂಗಡಿಸಿದ್ದಾನೆ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವ ಓವಿಯನ್ನೂ ಹೆಸರಿಸಿದ್ದಾನೆ. ಮುಂದೆ ಹದಿಮೂರನೆಯ ಶತಮಾನದಲ್ಲಿ ಮಹಾನುಭಾವ ಪಂಥದ ಮಹದಂಬೆ ಮರಾಠಿಯಲ್ಲಿ ‘ಧವಳೆ’ಗಳನ್ನು ಹಾಡಿದಳು. ನವಿಮುಂಬಯಿ ಎದ್ದು ನಿಂತಿರುವುದು ಆಗ್ರಿ, ಕೋಳಿ ಜನರ ಗದ್ದೆ ಮತ್ತು ಉಪ್ಪಿನಾಗರಗಳ ಮೇಲೆ. ಆ ಊರುಗಳ ಮದುವೆಮನೆಗಳಲ್ಲಿ ಹಾಡಿ ವಿಧಿ ನಡೆಸುವ ಹೆಂಗಸನ್ನು ಧವಲಾರೀಣ ಎನ್ನುತ್ತಾರೆ. ಕಲ್ಯಾಣದ ಅರಸನೊಬ್ಬ ಗೌರವದಿಂದ ದಾಖಲಿಸಿದ ಶಬ್ದ ಇಂದಿಗೂ ಈ ಕಲ್ಯಾಣದ ಸುತ್ತಮುತ್ತ ಬಾಯಿಂದ ಬಾಯಿಗೆ ಉಳಿದು ಬಂದಿದೆ. ನೆರೆಮನೆಯಲ್ಲಿ ಅದು ಕೇಳಿಬಂದಾಗ ನಾವು ಧ್ವನಿವರ್ಧಕದ ಗದ್ದಲವೆಂದು ಕಿಟಕಿ ಮುಚ್ಚಿಕೊಳ್ಳುತ್ತೇವೆ.

ಇನ್ನು ನಮ್ಮ ಮನೆಯ ಕಡೆ ಬರೋಣ. ಸಾಗರ, ಸೊರಬದ ಸೀಮೆಯಲ್ಲಿ ದೀವರ ಹೆಂಗಸರು ಮದುವೆಗೆ ಬರೆಯುವ ಹಸೆ ಚಿತ್ತಾರವಿದೆ. ಅದೂ ಕೆಮ್ಮಣ್ಣಿನ ಗೋಡೆ, ಅದೂ ಅಕ್ಕಿಹಿಟ್ಟಿನ ಬಿಳುಪು, ಅದಕ್ಕೂ ಜೊತೆಗೆ ಹಾಡು. ಅದೂ ಈಗ ಕರಕುಶಲ ಮೇಳಗಳಲ್ಲಿ ಚೌಕಟ್ಟಿನೊಳಗೆ ಬಂದು ಕುಳಿತಿದೆ; ಹಸೆಗೆ ಕರೆಯುವ ಹಾಡನ್ನು ಯಾರೂ ಕೇಳುವುದಿಲ್ಲ. ಕಂಸಾಳೆ ಹಿಡಿಯುವ ದೇವರಗುಡ್ಡರು ಗುರುವಿನಿಂದ ದೀಕ್ಷೆ ಪಡೆದವರು, ರಾತ್ರಿಯಿಡೀ ಮಾದೇಶ್ವರನ ಕಾವ್ಯವನ್ನು ಸಾಲುಸಾಲಾಗಿ ಹಾಡಬಲ್ಲವರು. ಡಾ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ ‘ಮಲೆಯ ಮಾದೇಶ್ವರ’ ಬೃಹತ್ ಸಂಪುಟವಾದದ್ದು ಈ ಬಾಯಿಗಳಿಂದಲೇ. ನಮ್ಮ ರಾಜ್ಯೋತ್ಸವದ ಮೆರವಣಿಗೆಗೆ ಬೇಕಾದದ್ದು ಮಾತ್ರ ಹತ್ತು ನಿಮಿಷದ ಲಾಗ, ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ತಾಳ ಹೊಡೆಯುವ ಕಸರತ್ತು. ಕಾವ್ಯ ಹೋಯಿತು, ಕಸರತ್ತು ಉಳಿಯಿತು.

ತುಳುನಾಡಿನಿಂದ ಬಂದು ಈ ಭಾಗದಲ್ಲಿ ಬೇರೂರಿದ ನಮ್ಮ ಬಂಧುಗಳಿಗೆ ಹೇಳುವ ಮಾತೂ ಇದೆ. ನೇಮದಲ್ಲಿ ದೈವ ಮೈಮೇಲೆ ಬರುವುದಕ್ಕೆ ಮೊದಲು, ಮುಖಕ್ಕೆ ಅರದಳ ಹಚ್ಚಿಕೊಳ್ಳುವ ಹೊತ್ತಿನಲ್ಲಿ, ಆ ಕುಟುಂಬದ ಹೆಂಗಸು ತೆಂಬರೆ ಬಡಿಯುತ್ತ ಪಾಡ್ದನ ಹೇಳುತ್ತಾಳೆ. ದೈವ ಎಲ್ಲಿ ಹುಟ್ಟಿತು, ಯಾವ ಯಾವ ಊರು ದಾಟಿ ಬಂತು, ಯಾರ ಅನ್ಯಾಯಕ್ಕೆ ಯಾವ ಶಿಕ್ಷೆ ಕೊಟ್ಟಿತು ಎಂಬ ಚರಿತ್ರೆಯೆಲ್ಲ ಅದರಲ್ಲಿದೆ. 2022ರಲ್ಲಿ ‘ಕಾಂತಾರ’ ಚಲನಚಿತ್ರ ಬಂದ ಮೇಲೆ ಊರೂರಿನ ವೇಷಸ್ಪರ್ಧೆಗಳಲ್ಲಿ ದೈವದ ವೇಷ ಕಾಣಿಸಿಕೊಂಡಿತು. ಅಣಿ ಕಟ್ಟುವ ಪರವ, ಪಂಬದ, ನಲಿಕೆ ಸಮುದಾಯದವರು ಅದಕ್ಕೆ ನೊಂದು ಆಕ್ಷೇಪಿಸಿದಾಗ ಹಲವರು ಅದನ್ನು ಅಸಹನೆಯೆಂದು ಕರೆದರು. ಅದು ಅಸಹನೆಯಲ್ಲ. ವಾರಗಟ್ಟಲೆ ವ್ರತನಿಯಮಗಳಲ್ಲಿದ್ದು, ಎಣ್ಣೆಬೂಳ್ಯ ಪಡೆದು ಕಟ್ಟುವ ಅಣಿಯನ್ನು ಬಹುಮಾನಕ್ಕಾಗಿ ಕಟ್ಟಬೇಡಿ ಎಂದು ಅವರು ಕೇಳಿದರು, ಅಷ್ಟೆ. ತೆಂಬರೆ ಬಡಿಯುವ ಆ ಹೆಂಗಸನ್ನಂತೂ ವೇಷಸ್ಪರ್ಧೆಯವರಿಗಾಗಲಿ, ಅದನ್ನು ಟೀಕಿಸಿದವರಿಗಾಗಲಿ ನೆನಪಾಗಲೇ ಇಲ್ಲ.

ನಮ್ಮ ಸಂಘಗಳ ವಾರ್ಷಿಕೋತ್ಸವದ ಕರಪತ್ರವನ್ನು ತೆರೆದು ನೋಡಿ. ಸ್ವಾಗತ, ಸನ್ಮಾನ, ಅಧ್ಯಕ್ಷರ ಭಾಷಣ, ಪ್ರಧಾನ ಅತಿಥಿಗಳ ಭಾಷಣ, ಆ ಬಳಿಕ ‘ಜಾನಪದ ನೃತ್ಯ’. ರಾಗಿಯನ್ನು ಕಂಡರಿಯದ ಮಕ್ಕಳ ಮುಂದೆ ಥರ್ಮಾಕೋಲಿನ ಬೀಸುವ ಕಲ್ಲು. ಹಾಡುವವರು ಬೇರೆಲ್ಲೋ ಹಾಡಿ ಮುದ್ರಿಸಿಕೊಟ್ಟ ಹಾಡು, ಹೆಜ್ಜೆ ಹಾಕುವವರು ಮಾತ್ರ ನಮ್ಮ ಮಕ್ಕಳು. ಸಭಾಂಗಣದ ಮೂರನೆಯ ಸಾಲಿನಲ್ಲಿ ಅದೇ ಮಕ್ಕಳ ಅಜ್ಜಿ ಕುಳಿತಿರುತ್ತಾಳೆ. ನಿಜವಾದ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದವಳು, ಸೋಬಾನೆ ಹೇಳಿದವಳು, ನಾಟಿಯ ಗದ್ದೆಯಲ್ಲಿ ಸೊಂಟ ಬಗ್ಗಿಸಿ ಓಬೇಲೆ ಹಾಡಿದವಳು ಅವಳು. ಅವಳನ್ನು ವೇದಿಕೆಗೆ ಯಾರೂ ಕರೆಯುವುದಿಲ್ಲ. ಕರೆದರೂ ಶಾಲು ಹೊದಿಸುವುದಕ್ಕೆ, ಬಾಯಿ ತೆರೆಯುವುದಕ್ಕಲ್ಲ.

ಇದಕ್ಕೆ ಸಮರ್ಥನೆಯಾಗಿ ಬರುವ ವಾದಗಳನ್ನು ಒಂದೊಂದಾಗಿ ಎದುರಿಸಬೇಕು.

ಬರಹವಿಲ್ಲದ ಮಾತಿಗೆ ಪ್ರಮಾಣವೆಲ್ಲಿದೆ ಎಂಬುದು ಮೊದಲನೆಯ ವಾದ. ಮೂರು ದಶಕಗಳ ಕಾಲ ಕೇಂದ್ರ ಸರಕಾರದ ಕಡತಗಳ ನಡುವೆ ಬಾಳಿದವನಾದ್ದರಿಂದ ಈ ಮನೋಧರ್ಮವನ್ನು ಒಳಗಿನಿಂದ ಬಲ್ಲೆ. ಕಡತದಲ್ಲಿ ಇಲ್ಲದ್ದು ಲೋಕದಲ್ಲಿಯೇ ಇಲ್ಲ ಎಂಬುದು ನಮ್ಮ ವರ್ಗದ ಮೂಲಮಂತ್ರ. ಆದರೆ ಸಂಸತ್ತು 2006ರಲ್ಲಿ ಒಪ್ಪಿದ ಅರಣ್ಯ ಹಕ್ಕುಗಳ ಮಾನ್ಯತೆಯ ಕಾಯಿದೆ ಅರಣ್ಯವಾಸಿಗಳಿಗೆ ಆದದ್ದು ಐತಿಹಾಸಿಕ ಅನ್ಯಾಯವೆಂದು ತನ್ನ ಪೀಠಿಕೆಯಲ್ಲಿಯೇ ಹೇಳಿಕೊಂಡಿದೆ. 2008ರ ಜನವರಿಯಿಂದ ಜಾರಿಗೆ ಬಂದ ಅದರ ನಿಯಮಾವಳಿಯ 13ನೆಯ ನಿಯಮ, ಹಕ್ಕಿಗೆ ಆಧಾರವಾಗಬಲ್ಲ ಸಾಕ್ಷ್ಯಗಳ ಪಟ್ಟಿಯಲ್ಲಿ ಬಾವಿ, ಮಸಣ, ಪವಿತ್ರ ತಾಣಗಳನ್ನು ಸೇರಿಸಿದೆ. ಹಕ್ಕು ಕೇಳುವವರನ್ನು ಬಿಟ್ಟು ಉಳಿದ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದೂ ಹೇಳಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿಧಾಮದೊಳಗೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ದೊರೆತದ್ದು ಇದೇ ಕಾಯಿದೆಯಿಂದ. ಕೆನಡಾದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟನ್ ಜನರು ತಮ್ಮ ನೆಲಕ್ಕಾಗಿ ಹೂಡಿದ ಮೊಕದ್ದಮೆಯಲ್ಲಿ ವೃದ್ಧೆಯೊಬ್ಬಳು ಕುಲದ ಹಾಡನ್ನು ಸಾಕ್ಷ್ಯವಾಗಿ ಹಾಡಲು ನಿಂತಾಗ, ಹಾಡಿಗೆ ತನ್ನ ಕಿವಿ ಒಗ್ಗದೆಂದು ವಿಚಾರಣೆಯ ನ್ಯಾಯಾಧೀಶರು ಹೇಳಿದ್ದರು. 1991ರಲ್ಲಿ ಅವರು ಆ ಜನರ ವಿರುದ್ಧ ತೀರ್ಪಿತ್ತರು. ಆದರೆ 1997ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ, ಮೌಖಿಕ ಚರಿತ್ರೆಯನ್ನು ಬರಹದ ದಾಖಲೆಗಳಿಗೆ ಸರಿಸಮಾನವಾಗಿ ಪರಿಗಣಿಸಬೇಕೆಂದಿತು. ನ್ಯಾಯಾಲಯವೂ ಸಂಸತ್ತೂ ಒಪ್ಪಿದ್ದನ್ನು ಒಪ್ಪದೆ ಉಳಿದವರು ಸುಶಿಕ್ಷಿತರಾದ ನಾವು ಮಾತ್ರ.

ಇದೆಲ್ಲ ಈಗಾಗಲೇ ಧ್ವನಿಮುದ್ರಣಗೊಂಡಿದೆ, ಪುಸ್ತಕವಾಗಿದೆ, ಹಾವೇರಿಯ ಬಳಿ ಜಾನಪದ ವಿಶ್ವವಿದ್ಯಾನಿಲಯವೇ ಆಗಿದೆ, ನಮಗೇಕೆ ಚಿಂತೆ ಎಂಬುದು ಎರಡನೆಯ ವಾದ. ದಾಖಲೆಯ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಫಿನ್ಲೆಂಡಿನ ಲೌರಿ ಹಾಂಕೊ ಅವರು ಡಾ. ಬಿ.ಎ. ವಿವೇಕ ರೈ, ಡಾ. ಚಿನ್ನಪ್ಪ ಗೌಡರ ಜೊತೆಗೂಡಿ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ಕೇಳಿ ಬರೆದುಕೊಂಡರು. 1998ರಲ್ಲಿ ಅದು ಪ್ರಕಟವಾದಾಗ ಸಾಲುಗಳ ಸಂಖ್ಯೆ 15,683. ಈ ಸಾಹಸದಿಂದ ಸಿಗುವ ಪಾಠವೇನು? ಅದೇ ಗಾಯಕ ಗದ್ದೆಯಲ್ಲಿ ಹಾಡುವ ಸಿರಿ ಬೇರೆ, ಜಾತ್ರೆಯಲ್ಲಿ ಸಿರಿಕುಮಾರರ ಸಮೂಹದ ನಡುವೆ ಹಾಡುವ ಸಿರಿ ಬೇರೆ, ವಿದ್ವಾಂಸರೆದುರು ಹೇಳಿ ಬರೆಸಿದ ಸಿರಿ ಬೇರೆ. ಮುದ್ರಿತ ಪುಸ್ತಕ ಅವುಗಳಲ್ಲಿ ಒಂದನ್ನು ಹಿಡಿದಿಟ್ಟಿದೆ. ಉಳಿದವು ಬದುಕಿರುವುದು ಹಾಡುವವರಲ್ಲಿ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಕೊಟ್ಟೆವು, ಹಾಲಕ್ಕಿ ಹಾಡುಗಳ ಕಣಜವೆಂದು ಹೊಗಳಿದೆವು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಒಂದು ಯುಗ ಮುಗಿಯಿತೆಂದು ಬರೆದವು. ಧ್ವನಿಮುದ್ರಣಗಳಿದ್ದೂ ಯುಗ ಮುಗಿಯಿತೆಂದು ಯಾಕೆ ಅನ್ನಿಸಿತು? ಕಣಜ ತುಂಬಿದೆಯೆಂದು ಬಿತ್ತುವುದನ್ನು ಯಾವ ರೈತನೂ ನಿಲ್ಲಿಸುವುದಿಲ್ಲ.

ಕಥನದ ಸರಪಳಿ ಹೇಗೆ ಕಡಿಯುತ್ತದೆ ಎಂಬುದನ್ನು ತಿಳಿಯಲು ಮತ್ತೆ ಕೆನಡಾದ ಕಡೆಗೇ ನೋಡಬೇಕಾಗುತ್ತದೆ. ಅಲ್ಲಿ ಜೇಮ್ಸ್ ಕೊಲ್ಲಿಯಿಂದ ಆಲ್ಬರ್ಟಾದ ಬಯಲಿನವರೆಗೆ ಹರಡಿರುವ ಕ್ರೀ ಜನಾಂಗ ತನ್ನ ಕಥನಗಳನ್ನು ಎರಡಾಗಿ ವಿಂಗಡಿಸುತ್ತದೆ. ಜಗತ್ತು ರೂಪುಗೊಂಡ ಕಾಲದ ಪವಿತ್ರ ಕತೆಗಳು ಒಂದು ಬಗೆ. ನೆನಪಿನ ಕಾಲದ ಮನುಷ್ಯರ ಸಂಗತಿಗಳು ಇನ್ನೊಂದು ಬಗೆ. ವೀಸಕೆಚಾಕ್ ಎಂಬ ಮಾಯಾವಿ ಹಿರಿಯಣ್ಣನ ಕತೆಗಳು ಮೊದಲ ಬಗೆಗೆ ಸೇರಿದವು. ಅವನ್ನು ನೆಲದ ಮೇಲೆ ಹಿಮ ಬಿದ್ದಿರುವ ಚಳಿಗಾಲದಲ್ಲಿ ಮಾತ್ರ ಹೇಳಬೇಕೆಂಬ ಕಟ್ಟಳೆ ಇದೆ. 1840ರ ವೇಳೆಗೇ ಕ್ರೀ ಭಾಷೆಗೆ ಲಿಪಿ ಬಂದಿತ್ತು. ಆದ್ದರಿಂದ ಅವರ ಕಥನಪರಂಪರೆಗೆ ಪೆಟ್ಟು ಬಿದ್ದದ್ದು ಲಿಪಿಯಿಲ್ಲದ ಕಾರಣಕ್ಕಲ್ಲ. ಸರಕಾರ 1895ರ ತಿದ್ದುಪಡಿಯಿಂದ ಅವರ ಧಾರ್ಮಿಕ ಆಚರಣೆಗಳನ್ನು ನಿಷೇಧಿಸಿತು, ಆ ನಿಷೇಧ 1951ರವರೆಗೆ ಉಳಿಯಿತು. ಮೂಲನಿವಾಸಿಗಳ 1,50,000ಕ್ಕೂ ಹೆಚ್ಚು ಮಕ್ಕಳನ್ನು ಅಜ್ಜ ಅಜ್ಜಿಯರಿಂದ ಬೇರ್ಪಡಿಸಿ ವಸತಿಶಾಲೆಗಳಿಗೆ ಸೇರಿಸಿತು. ತಾಯ್ನುಡಿ ಆಡಿದರೆ ಅಲ್ಲಿ ಶಿಕ್ಷೆ. ಚಳಿಗಾಲ ಬರುತ್ತಿತ್ತು, ಹಿಮ ಬೀಳುತ್ತಿತ್ತು, ಕತೆ ಹೇಳುವ ಮುದುಕರಿದ್ದರು, ಕೇಳುವ ಮಕ್ಕಳಿರಲಿಲ್ಲ. 2008ರಲ್ಲಿ ಅಲ್ಲಿಯ ಪ್ರಧಾನಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ವರದಿ ಕೊಟ್ಟ ಆಯೋಗ ಇದನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು. ಹಡ್ಸನ್ ಕೊಲ್ಲಿಯ ದಡದ ಲೂಯಿ ಬರ್ಡ್ ಎಂಬ ಕ್ರೀ ಕಥನಕಾರರು ದಶಕಗಳ ಕಾಲ ಹಿರಿಯರ ಕತೆಗಳನ್ನು ಮುದ್ರಿಸಿಕೊಂಡು, ತಾವೇ ಊರೂರಿಗೆ ಹೋಗಿ ಹೇಳತೊಡಗಿದರು. ಮುದ್ರಿಸಿಟ್ಟರೆ ಸಾಲದು, ಹೇಳಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಆ ಕ್ರೌರ್ಯಕ್ಕೂ ನಮ್ಮ ಸ್ಥಿತಿಗೂ ಹೋಲಿಕೆ ಸಲ್ಲದು. ನಮ್ಮ ಮಕ್ಕಳನ್ನು ಯಾರೂ ಕಿತ್ತುಕೊಂಡು ಹೋಗಿಲ್ಲ. ಆದ್ದರಿಂದಲೇ ನಮ್ಮ ಹೊಣೆ ಹೆಚ್ಚಿನದು. ಬೆಳಗಿನ 7.40ರ ಲೋಕಲ್ಲಿಗೆ ಹೊರಟು ರಾತ್ರಿ ಮರಳುವ ತಂದೆತಾಯಿ, ತರಗತಿ ಮುಗಿಸಿ ಬಂದು ಮೊಬೈಲಿನೊಳಗೆ ಮುಳುಗುವ ಮಗು, ಒಳಕೋಣೆಯಲ್ಲಿ ದೂರದರ್ಶನದ ಮುಂದೆ ಕುಳಿತ ಅಜ್ಜಿ. ಮೂವರೂ ಒಂದೇ ಸೂರಿನಡಿ ಇದ್ದಾರೆ. ಅವರ ನಡುವೆ ಕತೆ ಮಾತ್ರ ಇಲ್ಲ. ಕನ್ನಡ ಲಿಪಿ ಬಾರದ ನಮ್ಮ ಮಕ್ಕಳ ಬಗ್ಗೆ ವರ್ಷಕ್ಕೆ ಹತ್ತು ಸಭೆಗಳಲ್ಲಿ ಕಣ್ಣೀರು ಸುರಿಸುವ ನಾವು, ಲಿಪಿಯ ಅಗತ್ಯವೇ ಇಲ್ಲದ ಕನ್ನಡವೊಂದು, ತುಳುವೊಂದು ಮನೆಯಲ್ಲೇ ಇದೆಯೆಂಬುದನ್ನು ಮರೆತಿದ್ದೇವೆ. ಅಕ್ಷರ ಕಲಿಸುವ ತರಗತಿಗಳು ಬೇಕೇ ಬೇಕು. ಆದರೆ ಕೇಳಲು ಕಲಿಯದ ಮಗು ಓದಲು ಯಾಕೆ ಬಯಸೀತು?

ಇವೆಲ್ಲ ಮೂಢನಂಬಿಕೆ, ಭಗತ ಮತ್ತು ಪಾತ್ರಿಗಳ ಕೈಗೆ ಜನರನ್ನು ಒಪ್ಪಿಸುವ ಮಾತು ಎಂಬುದು ಮೂರನೆಯ ವಾದ. ಇದು ಪ್ರಾ­ಮಾಣಿಕ ಆಕ್ಷೇಪ, ನೇರ ಉತ್ತರಕ್ಕೆ ಅರ್ಹ. ಹಾವು ಕಡಿದವರನ್ನು ಆಸ್ಪತ್ರೆಗೆ ಒಯ್ಯದಂತೆ ತಡೆಯುವ ಮಂತ್ರವಾದಿಯನ್ನು ಶಿಕ್ಷಿಸಲು ಮಹಾರಾಷ್ಟ್ರ 2013ರಲ್ಲಿ, ಕರ್ನಾಟಕ 2017ರಲ್ಲಿ ಕಾಯಿದೆ ಮಾಡಿದ್ದು ಸರಿಯಾಗಿಯೇ ಇದೆ. ಮನುಷ್ಯರಿಗೆ ಕೇಡು ಮಾಡುವ ಆಚರಣೆಯನ್ನು ಹಾಡಿನ ಹೆಸರಿನಲ್ಲಿ ಕಾಪಾಡಬೇಕಾಗಿಲ್ಲ. ಆದರೆ ಬೆಳೆಗೆ ತಾಯಿಯ ಸ್ಥಾನ ಕೊಡುವುದು, ಹುಲಿಗೂ ಕಾಡಿನಲ್ಲಿ ಪಾಲುಂಟು ಎನ್ನುವುದು, ಹೆಣ್ಣಿನ ಬಾಯಿಯಿಂದ ಮದುವೆ ನೆರವೇರಿಸುವುದು ಯಾವ ವಿಚಾರವಾದಕ್ಕೆ ವಿರುದ್ಧ? ಸತ್ಯನಾರಾಯಣನ ಕತೆ ಓದಿಸುವವರು, ಗೃಹಪ್ರವೇಶಕ್ಕೆ ಮುಹೂರ್ತ ಕೇಳುವವರು, ವಾರ್ಲಿಯ ಕಣಸರಿಯನ್ನು ಕಂಡೊಡನೆ ವಿಚಾರವಾದಿಗಳಾಗಿಬಿಡುತ್ತಾರೆ. ಪುಸ್ತಕವಿರುವವರ ನಂಬಿಕೆಗೆ ಧರ್ಮವೆಂದೂ ಪುಸ್ತಕವಿಲ್ಲದವರ ನಂಬಿಕೆಗೆ ಮೌಢ್ಯವೆಂದೂ ಹೆಸರಿಡುವುದು ವಿಚಾರವಾದವಲ್ಲ, ವರ್ಗದ ಅಹಂಕಾರ.

ಕೊನೆಯ ವಾದ ಎಲ್ಲಕ್ಕಿಂತ ಪ್ರಬಲವಾದದ್ದು: ನಮ್ಮ ಕನ್ನಡಕ್ಕೇ ಇಲ್ಲಿ ಉಳಿಗಾಲವಿಲ್ಲ, ವಾರ್ಲಿಗಳ ಉಸಾಬರಿ ನಮಗೇಕೆ? ಲೆಕ್ಕವನ್ನೇ ನೋಡೋಣ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು, ಗಡಿಜಿಲ್ಲೆಗಳವರೂ ಸೇರಿ, ಸುಮಾರು ಹತ್ತು ಲಕ್ಷ. ವಾರ್ಲಿಗಳು ಸುಮಾರು ಎಂಟು ಲಕ್ಷ. ಸಂಖ್ಯೆಯಲ್ಲಿ ಹೆಚ್ಚಿನ ಅಂತರವಿಲ್ಲ. ಆದರೆ ನಮ್ಮ ಬೆನ್ನಿಗೆ ಒಂದು ರಾಜ್ಯವಿದೆ, ವಿಶ್ವವಿದ್ಯಾನಿಲಯಗಳಿವೆ, ಎಂಟು ಜ್ಞಾನಪೀಠಗಳಿವೆ. ಅವರಿಗೆ ಊರೂ ಇದೇ, ಪರವೂರೂ ಇದೇ. 1945ರ ಜನವರಿಯಲ್ಲಿ ಕಲ್ಯಾಣದಾಚೆಯ ಟಿಟವಾಳದಲ್ಲಿ ನಡೆದ ಕಿಸಾನ್ ಸಮ್ಮೇಳನಕ್ಕೆ ಕೆಲವು ವಾರ್ಲಿಗಳು ಬಂದಿದ್ದರು. ಆಗ ಮದುವೆಯ ಸಾಲಕ್ಕಾಗಿ ಗಂಡಹೆಂಡಿರಿಬ್ಬರೂ ಜಮೀನುದಾರನ ಮನೆಯಲ್ಲಿ ಜೀತಕ್ಕೆ ಬೀಳುವ ಪದ್ಧತಿಯಿತ್ತು. ಅಂಥವರನ್ನು ‘ಲಗ್ನಗಡಿ’ ಎನ್ನುತ್ತಿದ್ದರು. ಅದೇ ವರ್ಷ ಅವರು ಜೀತ ಮತ್ತು ಬಿಟ್ಟಿ ಚಾಕರಿಯ ವಿರುದ್ಧ ಎದ್ದು ನಿಂತರು. ಆ ಹೋರಾಟವನ್ನು ಮುನ್ನಡೆಸಿದ ಗೋದಾವರಿ ಪರುಳೇಕರರು ಅದರ ಕತೆಯನ್ನು ಮರಾಠಿಯಲ್ಲಿ ಬರೆದು 1972ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಧವಳೇರಿಯ ಹಾಡಿನಿಂದ ಆರಂಭವಾದ ದಾಂಪತ್ಯ ಜೀತದಲ್ಲಿ ಕೊನೆಗಾಣುತ್ತಿದ್ದ ಕಾಲದಲ್ಲಿಯೂ ಅವರು ಹಾಡನ್ನು ಬಿಡಲಿಲ್ಲ. ಇಷ್ಟು ಅನುಕೂಲಗಳಿರುವ ನಾವು ಬಿಟ್ಟಿದ್ದೇವೆ. ಉಳಿಸಿಕೊಳ್ಳುವ ವಿದ್ಯೆಯನ್ನು ಯಾರು ಯಾರಿಂದ ಕಲಿಯಬೇಕು?

ಋಣದ ಮಾತೂ ಇದೆ. ನಮ್ಮ ನಲ್ಲಿಗಳಿಗೆ ನೀರು ಬರುವುದು ಬಾರ್ವಿ, ಭಾತಸಾ ಅಣೆಕಟ್ಟುಗಳ ಗುಡ್ಡಗಾಡಿನಿಂದ; ಆ ನೀರಿನ ಮಗ್ಗುಲಲ್ಲೇ ಇರುವ ಶಹಾಪುರದ ಪಾಡಾಗಳು ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತವೆ. 2019ರ ಅಕ್ಟೋಬರಿನಲ್ಲಿ ಮೆಟ್ರೋ ಡಿಪೋಗಾಗಿ ಆರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಎರಡೇ ದಿನಗಳಲ್ಲಿ ಉರುಳಿದವು. ವಾಘೋಬಾನ ಕತೆ ಬಲ್ಲವರಿಗೆ ಆ ಕಾಡು ಮಾತು ಕೊಟ್ಟ ನೆಲ. ಬಲ್ಲದವರಿಗೆ ಅದು ಖಾಲಿ ಜಾಗ. ಯಾವ ಕಡತದಲ್ಲಿ ಏನು ಬರೆಯಲಾಗುತ್ತದೆ ಎಂಬುದು ಕತೆ ಕೇಳಿದವರು ಎಷ್ಟು ಮಂದಿ ಎಂಬುದನ್ನೂ ಅವಲಂಬಿಸಿದೆ.

ಆದ್ದರಿಂದ ನಮ್ಮ ಸಂಘಗಳ ಮುಂದೆ ಕೆಲವು ಸೂಚನೆಗಳನ್ನು ಇಡುತ್ತೇನೆ. ಎರಡು ತಿಂಗಳಿಗೊಮ್ಮೆ ಒಂದು ಸಂಜೆ, ವೇದಿಕೆಯಿಲ್ಲದೆ, ಧ್ವನಿವರ್ಧಕವಿಲ್ಲದೆ, ಚಾಪೆಯ ಮೇಲೆ ಹಿರಿಯರೊಬ್ಬರನ್ನು ಕೂರಿಸಿ ಮಕ್ಕಳಿಗೆ ಕತೆ ಹೇಳಿಸಬೇಕು. ಶಾಲು ಹಾರಗಳು ಬೇಡ. ಹಾಡುಗಳನ್ನು ಮುದ್ರಿಸಿಕೊಳ್ಳುವಾಗ ಅದನ್ನು ಯಾರಿಂದ ಕಲಿತರು, ಯಾವಾಗ ಹಾಡಬೇಕು, ಯಾವಾಗ ಹಾಡಬಾರದು ಎಂಬುದನ್ನೂ ಬರೆದುಕೊಳ್ಳಬೇಕು. ದೀಕ್ಷೆಯಿಂದ, ವ್ರತದಿಂದ ಬರುವ ಹಾಡುಗಳನ್ನು ವೇಷಸ್ಪರ್ಧೆಗೆ ಎಳೆಯುವುದನ್ನು ನಿಲ್ಲಿಸಬೇಕು. ವಾರ್ಲಿ ಧವಳೇರಿಯನ್ನೋ ಆಗ್ರಿ ಧವಲಾರೀಣಳನ್ನೋ ವರ್ಷಕ್ಕೊಮ್ಮೆ ಆಹ್ವಾನಿಸಬೇಕು. ಕುಣಿತದ ತಂಡವಾಗಿ ಕರೆಯಬಾರದು; ಬೆಂಗಳೂರಿನಿಂದ ಬರುವ ಸಾಹಿತಿಗೆ ಕೊಡುವ ಸಂಭಾವನೆ, ಕುರ್ಚಿ, ಸಮಯ ಎಲ್ಲವನ್ನೂ ಕೊಟ್ಟು ಕರೆಯಬೇಕು. ಏನನ್ನು ಹಾಡಬಹುದು, ಏನನ್ನು ಹಾಡಲಾಗದು ಎಂಬ ನಿರ್ಧಾರ ಆಕೆಯದೇ ಆಗಬೇಕು. ಭಾಷೆಯ ತೊಡಕನ್ನು ಯಾರೂ ಮುಂದೊಡ್ಡಬೇಕಾಗಿಲ್ಲ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ ಬರುತ್ತದೆ, ಹಿರಿಯರಿಗೆ ಅವರೇ ಕನ್ನಡದಲ್ಲಿ ಹೇಳಲಿ. ಹಾಗೆ ಹೇಳುವ ನೆಪದಲ್ಲಾದರೂ ಅವರ ಕನ್ನಡ ಬಾಯಿಗೆ ಬಂದೀತು.

ತಾರಪಾ ವಾದ್ಯ ನುಡಿಯುವಾಗ ಸುತ್ತ ಕುಣಿಯುವ ವಾರ್ಲಿಗಳು ಅದಕ್ಕೆ ಬೆನ್ನು ತಿರುಗಿಸುವುದಿಲ್ಲ. ಅದು ಅವರ ನಿಯಮ. ನುಡಿಸುವವನಿಗೆ ಮುಖ ಕೊಟ್ಟೇ ಸುರುಳಿ ಸುತ್ತುತ್ತದೆ. ನಮ್ಮ ಸಂಘದ ಮುಂದಿನ ವಾರ್ಷಿಕೋತ್ಸವದ ಸಿದ್ಧತಾ ಸಭೆ ಸದ್ಯದಲ್ಲೇ ಸೇರಲಿದೆ. ಕಾರ್ಯಕ್ರಮ ಪಟ್ಟಿಯಲ್ಲಿ ‘ಜಾನಪದ ನೃತ್ಯ’ ಎಂದು ಬರೆಯುವ ಮೊದಲು, ಮೂರನೆಯ ಸಾಲಿನಲ್ಲಿ ಕುಳಿತಿರುವ ಆ ಅಜ್ಜಿಯ ಕಡೆಗೊಮ್ಮೆ ಮುಖ ತಿರುಗಿಸಿ, ಅಮ್ಮಾ, ನಿಮಗೆ ಬರುವ ಹಾಡು ಯಾವುದು ಎಂದು ಕಾರ್ಯಕಾರಿ ಸಮಿತಿಯವರು ಕೇಳಲಿ.